ನೊರೆ ಬಂದರೆ ಸಾಲದು: ಅಂಟುವಾಳದ ನೀರು ಯಾವುದರ ಮೇಲೆ ಎಷ್ಟು ಹರಡುತ್ತದೆ, ಅಳೆಯುವುದು ಹೇಗೆ?

ಅಂಟುವಾಳದ ನೀರು ಚೆನ್ನಾಗಿ ಇಳಿದಿದೆಯೇ ಎಂದು ನೋಡಲು ಎಲ್ಲರೂ ಮಾಡುವುದು ಒಂದೇ ಕೆಲಸ. ಬಾಟಲಿ ಕುಲುಕುತ್ತಾರೆ, ನೊರೆ ಎಷ್ಟು ಎದ್ದಿತು ನೋಡುತ್ತಾರೆ. ಆದರೆ ನೊರೆ ಎನ್ನುವುದು ನೀರಿಗೂ ಗಾಳಿಗೂ ಸಂಬಂಧಪಟ್ಟ ವಿಷಯ. ಅದೇ ನೀರು ಕೆಸುವಿನ ಎಲೆಯ ಮೇಲೆ ನಿಲ್ಲುತ್ತದೋ ಉರುಳಿಹೋಗುತ್ತದೋ, ಪ್ಲಾಸ್ಟಿಕ್ ಡಬ್ಬಿಯ ಮೇಲೆ ಹರಡುತ್ತದೋ ಹನಿಹನಿಯಾಗಿ ಕೂರುತ್ತದೋ ಎಂಬುದನ್ನು ನೊರೆ ಹೇಳುವುದಿಲ್ಲ. ತಾರಸಿ ತೋಟಕ್ಕೆ ಬೇವಿನೆಣ್ಣೆ ಸಿಂಪಡಿಸುವವರಿಗೆ, ಮನೆಯಲ್ಲೇ ಪಾತ್ರೆ ತೊಳೆಯುವ ದ್ರವ ಮಾಡುವವರಿಗೆ, ಕಾಲೇಜಿನಲ್ಲಿ ಪ್ರಾಜೆಕ್ಟ್ ಹಿಡಿದವರಿಗೆ ಬೇಕಾಗಿರುವುದು ಈ ಎರಡನೆಯ ಸಂಗತಿ. ಇದನ್ನು ಅಳೆಯಲು ಲಕ್ಷಗಟ್ಟಲೆ ಬೆಲೆಯ ಯಂತ್ರ ಇದ್ದೇ ತೀರಬೇಕೆಂದಿಲ್ಲ. ಒಂದು ಸಿರಿಂಜ್, ಆಭರಣ ತೂಗುವ ಪುಟ್ಟ ತಕ್ಕಡಿ, ಮೊಬೈಲ್ ಕ್ಯಾಮೆರಾ ಸಾಕು. ಜೊತೆಗೆ ಶುಚಿಯ ವಿಷಯದಲ್ಲಿ ಸ್ವಲ್ಪ ಮಡಿವಂತಿಕೆ ಬೇಕು.

ಅಂಟುವಾಳದ ಸಿಪ್ಪೆಯಲ್ಲೂ ಸೀಗೆಕಾಯಿಯಲ್ಲೂ ಇರುವ ಮುಖ್ಯ ವಸ್ತು ಸಪೋನಿನ್. ಇದರ ಅಣುವಿನ ಒಂದು ಭಾಗ ನೀರಿಗೆ ಒಗ್ಗದ ಟ್ರೈಟರ್ಪೀನ್ ಚೌಕಟ್ಟು, ಇನ್ನೊಂದು ನೀರನ್ನು ಬಯಸುವ ಸಕ್ಕರೆಯ ಸರಪಣಿ. ಹಾಗಾಗಿ ಅಣುಗಳು ನೀರಿನ ಅಂಚಿಗೆ ಬಂದು ಸಾಲುಗಟ್ಟುತ್ತವೆ, ಮೇಲ್ಮೈ ಎಳೆತ (ದ್ರವದ ಹೊರಮೈ ತನ್ನನ್ನು ತಾನು ಬಿಗಿಯಾಗಿ ಎಳೆದುಕೊಳ್ಳುವ ಬಲ, ಸರ್ಫೇಸ್ ಟೆನ್ಶನ್) ಇಳಿಯುತ್ತದೆ. ಶುದ್ಧ ನೀರಿನದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 72 ಮಿಲಿನ್ಯೂಟನ್. ಒಳ್ಳೆಯ ಅಂಟುವಾಳದ ನೀರು ಅದನ್ನು 40ರಿಂದ 50ರ ನಡುವಿಗೆ ತರುತ್ತದೆ. ಮುಂದೆ ಈ ಅಳತೆಗೆ ಬರೀ ಅಂಕಿಯನ್ನೇ ಬರೆದಿದೆ.

ಕಾಯಿ, ನೀರು, ಕಷಾಯ

ಅವೆನ್ಯೂ ರಸ್ತೆ, ಚಿಕ್ಕಪೇಟೆ, ಮಲ್ಲೇಶ್ವರದ ಗ್ರಂಥಿಗೆ ಅಂಗಡಿಗಳಲ್ಲಿ ಒಣ ಅಂಟುವಾಳ ಸಿಗುತ್ತದೆ. ಪುಡಿ ಕೊಳ್ಳಬೇಡಿ. ಪುಡಿಯಲ್ಲಿ ಬೀಜವೂ ಸೇರಿರಬಹುದು, ಬೀಜದಲ್ಲಿ ಎಣ್ಣೆ ಇದೆ, ಆ ಎಣ್ಣೆ ಮುಂದಿನ ಎಲ್ಲ ಅಳತೆಯನ್ನೂ ಕೆಡಿಸುತ್ತದೆ. ಇಡೀ ಕಾಯಿ ತಂದು, ಒಡೆದು, ಬೀಜ ತೆಗೆದು, ಸಿಪ್ಪೆಯನ್ನಷ್ಟೇ ಬಳಸಿ. ಸಿಪ್ಪೆ ಅಂಟಂಟಾಗಿ ಬಗ್ಗುವಂತಿದ್ದರೆ ತೇವ ಹಿಡಿದಿದೆ ಎಂದರ್ಥ. ಒಂದು ದಿನ ಬಿಸಿಲಿಗೆ ಹಾಕಿ ಆಮೇಲೆ ತೂಗಿ.

ನೀರಿನ ವಿಷಯದಲ್ಲಿ ಬೆಂಗಳೂರಿನ ಮನೆಗಳಿಗೆ ಒಂದು ತೊಡಕಿದೆ. ಒಂದೇ ನಲ್ಲಿಯಲ್ಲಿ ಬೆಳಿಗ್ಗೆ ಕಾವೇರಿ, ಸಂಜೆ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್ ಬರಬಹುದು. ಸಾಬೂನಿನಂತೆ ಅಂಟುವಾಳ ಗಡಸು ನೀರಿನಲ್ಲಿ ಬಿಳಿ ಗಸಿಯಾಗಿ ಒಡೆಯುವುದಿಲ್ಲ, ಅದು ನಿಜ. ಆದರೂ ಕರಗಿದ ಲವಣಗಳು ಅಳತೆಯನ್ನು ಸ್ವಲ್ಪ ಅತ್ತಿತ್ತ ಮಾಡುತ್ತವೆ. ಅದಕ್ಕಿಂತ ಹೆಚ್ಚಾಗಿ, ಹನಿ ಒಣಗಿದ ಜಾಗದಲ್ಲಿ ಉಳಿಯುವ ಬಿಳಿ ಕಲೆಯನ್ನು ನೀವು ಅಂಟುವಾಳದ ಲೆಕ್ಕಕ್ಕೆ ಬರೆದುಬಿಡುತ್ತೀರಿ. ಅಳತೆಗೆ ಡಿಸ್ಟಿಲ್ಡ್ ವಾಟರ್ ಬಳಸಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರಿನ ಕ್ಯಾನ್ ಆದೀತು. ಕೊನೆಯಲ್ಲಿ ನಿಜವಾಗಿ ಬಳಸುವ ನಲ್ಲಿ ನೀರಿನಲ್ಲಿ ಒಮ್ಮೆ ಅದೇ ಪರೀಕ್ಷೆ ಮಾಡಿ ಹೋಲಿಸಿ.

50 ಗ್ರಾಂ ಸಿಪ್ಪೆಯನ್ನು 500 ಮಿಲಿ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ 60ರಿಂದ 70 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಆವಿ ಏಳಬೇಕು, ಕುದಿಯಬಾರದು. ಕುದಿಸಿದರೆ ನೊರೆ ಉಕ್ಕಿ ಒಲೆಯ ಪಾಲಾಗುತ್ತದೆ, ಸಿಪ್ಪೆಯ ತಿರುಳು ಕರಗಿ ಕಷಾಯ ಮಂದವಾಗುತ್ತದೆ, ಶೋಧಿಸುವುದು ಕಷ್ಟ. ಆರಿದ ಮೇಲೆ ತೆಳು ಪಂಚೆ ಬಟ್ಟೆಯಲ್ಲಿ ಹಿಂಡಿ, ಎರಡು ಗಂಟೆ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ಫಿಲ್ಟರ್ ಪೇಪರಿನಲ್ಲಿ ಇಳಿಸಿ. ಬಟ್ಟೆಯನ್ನು ಮೊದಲೇ ಬಿಸಿನೀರಿನಲ್ಲಿ ನಾಲ್ಕು ಸಲ ಜಾಲಿಸಿರಬೇಕು. ಬಟ್ಟೆಯಲ್ಲಿ ಉಳಿದ ಡಿಟರ್ಜೆಂಟ್ ಕಷಾಯಕ್ಕೆ ಇಳಿದರೆ ನೀವು ಅಳೆಯುತ್ತಿರುವುದು ಅಂಟುವಾಳವನ್ನಲ್ಲ, ಅಂಗಡಿಯ ಸೋಪಿನ ಪುಡಿಯನ್ನು.

ಈಗ ಬಹಳ ಜನ ಬಿಟ್ಟುಬಿಡುವ ಹೆಜ್ಜೆ. "ಹತ್ತು ಕಾಯಿಗೆ ಒಂದು ಲೀಟರ್" ಎಂಬ ಲೆಕ್ಕ ಯಾರ ಕೈಯಲ್ಲೂ ಒಂದೇ ಫಲ ಕೊಡುವುದಿಲ್ಲ. ಕಾಯಿಯ ಗಾತ್ರ ಬೇರೆ, ವಯಸ್ಸು ಬೇರೆ, ಹಿಂಡುವ ಕೈ ಬೇರೆ. ಅದಕ್ಕೆ 20 ಮಿಲಿ ಕಷಾಯವನ್ನು ಮೊದಲೇ ತೂಗಿದ ಸ್ಟೀಲ್ ತಟ್ಟೆಯಲ್ಲಿ ಹಾಕಿ, ಓವನ್ನಿನಲ್ಲೋ ಕುದಿಯುವ ನೀರಿನ ಪಾತ್ರೆಯ ಮೇಲೋ ಇಟ್ಟು, ಎರಡು ಸಲ ತೂಗಿದಾಗಲೂ ಒಂದೇ ತೂಕ ಬರುವವರೆಗೆ ಒಣಗಿಸಿ. ಉಳಿದದ್ದು 1.00 ಗ್ರಾಂ ಇದ್ದರೆ ನಿಮ್ಮ ಕಷಾಯ 5 ಪ್ರತಿಶತ. ಇದು ಪೂರ್ತಿ ಸಪೋನಿನ್ ಅಲ್ಲ, ಸಕ್ಕರೆ, ಗೋಂದಿನಂಥ ವಸ್ತುಗಳೂ ಇದರಲ್ಲಿವೆ. ಆದರೂ ಮುಂದಿನ ಸಲ ಕಷಾಯ ಮಾಡಿದಾಗ ಇದಕ್ಕೆ ಹೋಲಿಸಲು ಈ ಅಂಕಿ ಸಾಕು. 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ.

5 ಪ್ರತಿಶತದ ಮೂಲ ಕಷಾಯದಿಂದ 20 ಮಿಲಿ ತೆಗೆದು 100ಕ್ಕೆ ಏರಿಸಿದರೆ 1 ಪ್ರತಿಶತ. ಅದರಲ್ಲಿ 50, 20, 10 ಮಿಲಿ ತೆಗೆದು ಒಂದೊಂದನ್ನೂ 100ಕ್ಕೆ ಏರಿಸಿದರೆ 0.5, 0.2, 0.1. ಈ 0.1ರಿಂದ ಮತ್ತೆ ಹಾಗೆಯೇ 0.05, 0.02, 0.01. ಒಟ್ಟು ಏಳು ಬಾಟಲಿ, ಎಂಟನೆಯದು ಬರೀ ನೀರು. ನೀರು ಸುರಿಯುವಾಗ ಪಾತ್ರೆಯ ಗೋಡೆಗುಂಟ ಇಳಿಬಿಡಿ, ನೊರೆಯ ಮೇಲೆ ಗೆರೆ ಓದಲು ಆಗದು.

ಕಷಾಯ ಬೇಗ ಹುಳಿಯುತ್ತದೆ. ಬೆಂಗಳೂರಿನ ಸಾಮಾನ್ಯ ಹವೆಯಲ್ಲಿ ಎರಡು ಮೂರು ದಿನಕ್ಕೆ ವಾಸನೆ ಬರುತ್ತದೆ, ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಆ ಪೊರೆ ಬಂದ ಮೇಲೆ ಅಳತೆ ನಂಬಬೇಡಿ. ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಬೇಕಾದಷ್ಟು ಬಿಲ್ಲೆ ತೆಗೆಯುವುದು ಉತ್ತಮ. ಬಿಗಿ ಮುಚ್ಚಳದ ಬಾಟಲಿಯಲ್ಲಿ ಹೊರಗಿಟ್ಟರೆ ಗಾಳಿ ತುಂಬಿ ಮುಚ್ಚಳ ಸಿಡಿದೀತು.

ಹನಿ ತೂಗಿ ಮೇಲ್ಮೈ ಎಳೆತ ತಿಳಿಯುವುದು

ಸೂಜಿಯ ತುದಿಯಲ್ಲಿ ತೂಗಾಡುವ ಹನಿಯನ್ನು ಹಿಡಿದಿಡುವುದು ಮೇಲ್ಮೈ ಎಳೆತ. ಎಳೆತ ಕಡಿಮೆಯಾದಷ್ಟೂ ಹನಿ ಚಿಕ್ಕದಿರುವಾಗಲೇ ಕಳಚಿ ಬೀಳುತ್ತದೆ. ಹಾಗಾಗಿ ಹನಿಯ ತೂಕ ಎಳೆತಕ್ಕೆ ಸರಿಸುಮಾರು ಅನುಪಾತದಲ್ಲಿರುತ್ತದೆ. 1864ರಲ್ಲಿ ಥಾಮಸ್ ಟೇಟ್ ಹೇಳಿದ ಈ ನಿಯಮ ಇವತ್ತಿಗೂ ಬಡವರ ಪ್ರಯೋಗಶಾಲೆಯ ಆಸ್ತಿ.

ಬೇಕಾಗಿರುವುದು ತುದಿ ಚೂಪಿಲ್ಲದ, ನೇರವಾಗಿ ಕತ್ತರಿಸಿದ 18 ಗೇಜಿನ ಸೂಜಿ. ಬೆಸುಗೆಯ ಪೇಸ್ಟ್ ಹಾಕಲು ಬಳಸುವ ಈ ಸೂಜಿ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಇಂಜೆಕ್ಷನ್ ಸೂಜಿಯ ಓರೆ ತುದಿ ಇಲ್ಲಿಗೆ ಆಗದು, ಹನಿ ಒಂದು ಕಡೆ ವಾಲಿ ಬೀಳುತ್ತದೆ. ಇನ್ನೊಂದು ಎಚ್ಚರ. ಬಿಸಾಡುವ ಪ್ಲಾಸ್ಟಿಕ್ ಸಿರಿಂಜಿನ ಒಳಗೋಡೆಗೆ ಜಾರಲೆಂದು ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಗಾಜಿನ ಸಿರಿಂಜ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಲವು ಸಲ ಎಳೆದು ಬಿಟ್ಟು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ.

ಸಿರಿಂಜನ್ನು ಸ್ಟ್ಯಾಂಡಿಗೆ ನೆಟ್ಟಗೆ ಕಟ್ಟಿ, ಕೆಳಗೆ ತಕ್ಕಡಿಯ ಮೇಲೆ ಪುಟ್ಟ ಬಟ್ಟಲಿಡಿ. 50 ಹನಿ ಬೀಳಿಸಿ ತೂಗಿ. ಮೊದಲು ನೀರು, ಆಮೇಲೆ ಅತಿ ತೆಳುವಿನಿಂದ ಮಂದದ ಕಡೆಗೆ ಒಂದೊಂದೇ ದ್ರಾವಣ. ಹಿಂದುಮುಂದು ಮಾಡಿದರೆ ಮಂದ ದ್ರಾವಣದ ಉಳಿಕೆ ತೆಳುವಿಗೆ ಸೇರುತ್ತದೆ. ನೀರಿನ 50 ಹನಿ 1.10 ಗ್ರಾಂ ತೂಗಿ, ನಿಮ್ಮ ದ್ರಾವಣದ 50 ಹನಿ 0.70 ಗ್ರಾಂ ತೂಗಿದರೆ, 72ನ್ನು 0.70ರಿಂದ ಗುಣಿಸಿ 1.10ರಿಂದ ಭಾಗಿಸಿ: ಸುಮಾರು 46. ಹನಿಯ ಆಕಾರ ಬದಲಾಗುವುದರಿಂದ ಈ ಸರಳ ಲೆಕ್ಕ ಎರಡು ಮೂರು ಪ್ರತಿಶತ ಕಡಿಮೆ ತೋರಿಸುತ್ತದೆ. ನಮ್ಮ ಕೆಲಸಕ್ಕೆ ಅದು ಅಡ್ಡಿಯಲ್ಲ.

ಅಡ್ಡಿಯಾಗುವುದು ಅವಸರ. ಸಪೋನಿನ್ ದಪ್ಪ ಅಣು, ಹನಿಯ ಮೇಲ್ಮೈಗೆ ಬಂದು ನೆಲೆಯಾಗಲು ಸಮಯ ಬೇಕು. ಸೆಕೆಂಡಿಗೆ ಒಂದು ಹನಿ ಬೀಳಿಸಿದರೆ ಪ್ರತಿ ಹನಿಯ ಹೊರಮೈ ಇನ್ನೂ ಅರ್ಧ ನೀರೇ ಆಗಿರುತ್ತದೆ, ಎಳೆತ ಹೆಚ್ಚು ಕಾಣುತ್ತದೆ. ಹನಿಗೆ ಕನಿಷ್ಠ ಹತ್ತು ಸೆಕೆಂಡ್ ಕೊಡಿ. 0.05ಕ್ಕಿಂತ ತೆಳುವಿಗೆ ಇಪ್ಪತ್ತು. ಬೇಸರದ ಕೆಲಸವೇ. ಆದರೆ ವೇಗವಾಗಿ ಮತ್ತು ನಿಧಾನವಾಗಿ ಎರಡು ಬಗೆಯಲ್ಲೂ ಅಳೆದು ವ್ಯತ್ಯಾಸ ಬರೆದಿಟ್ಟುಕೊಳ್ಳಿ, ಸಿಂಪಡಣೆಯ ವಿಷಯ ಬಂದಾಗ ಅದೇ ಅಂಕಿ ಬೇಕಾಗುತ್ತದೆ.

ದ್ರಾವಣ ಸೂಜಿಯ ಹೊರಗೋಡೆ ಹತ್ತಿದರೆ ಹನಿ ದೊಡ್ಡದಾಗುತ್ತದೆ. ಸೂಜಿಯ ಹೊರಮೈಗೆ ತುದಿಯನ್ನಷ್ಟು ಬಿಟ್ಟು ಮೇಣ ತೆಳುವಾಗಿ ಸವರಿದರೆ ಹತ್ತುವುದಿಲ್ಲ.

ಏಳೂ ಅಂಕಿಗಳನ್ನು ಸೆಮಿಲಾಗ್ ಗ್ರಾಫ್ ಹಾಳೆಯಲ್ಲಿ (ಒಂದು ಬದಿಯ ಅಳತೆ ಮಾತ್ರ ಹತ್ತು ಹತ್ತು ಪಟ್ಟಾಗಿ ಏರುವ ಹಾಳೆ) ಗುರುತಿಸಿ, ಹಾಗೆ ಏರುವ ಬದಿಯನ್ನು ಅಡ್ಡಕ್ಕಿಟ್ಟು ಅಲ್ಲಿ ಸಾಂದ್ರತೆ, ಉದ್ದಕ್ಕೆ ಎಳೆತ. ಗೆರೆ ಇಳಿಯುತ್ತ ಬಂದು ಒಂದೆಡೆ ಮಟ್ಟವಾಗುತ್ತದೆ. ಆ ತಿರುವಿನ ಸಾಂದ್ರತೆಯೇ ಸಿಎಂಸಿ (ಕ್ರಿಟಿಕಲ್ ಮೈಸೆಲ್ ಕಾನ್ಸೆಂಟ್ರೇಶನ್). ಅಲ್ಲಿಂದಾಚೆಗೆ ಸೇರಿಸಿದ ಸಪೋನಿನ್ ಮೇಲ್ಮೈಗೆ ಬಾರದೆ ನೀರಿನೊಳಗೇ ಮೈಸೆಲ್ ಎಂಬ ಗುಂಪು ಕಟ್ಟುತ್ತದೆ. ಕಚ್ಚಾ ಅಂಟುವಾಳದಲ್ಲಿ ತಿರುವು 0.1 ಪ್ರತಿಶತದ ಆಸುಪಾಸು ಸಿಗಬೇಕು, ಚೂಪಾಗಿರದೆ ದುಂಡಗೆ ಬಾಗಿರುತ್ತದೆ. ಅದು ನಿಮ್ಮ ತಪ್ಪಲ್ಲ. ಒಂದು ಕಾಯಿಯಲ್ಲಿ ಹಲವು ಬಗೆಯ ಸಪೋನಿನ್ ಇರುವುದರಿಂದ ಹಾಗಾಗುತ್ತದೆ.

ಮೇಲ್ಮೈಗಳನ್ನು ಅಣಿಗೊಳಿಸುವುದು

ಸಂಪರ್ಕ ಕೋನ ಎಂದರೆ ಹನಿಯ ಅಂಚು ಘನದ ಮೇಲೆ ಕೂತಲ್ಲಿ ದ್ರವದ ಒಳಗಿನಿಂದ ಅಳೆದ ಕೋನ. ಸೊನ್ನೆಯ ಹತ್ತಿರವಿದ್ದರೆ ಪೂರ್ತಿ ಹರಡಿತು, 90 ದಾಟಿದರೆ ಗುಂಡಗಾಯಿತು. ಇದರಲ್ಲಿ ಅರ್ಧ ಪಾಲು ದ್ರವದ್ದು, ಅರ್ಧ ಪಾಲು ಘನದ್ದು. ಘನದ ಮೇಲೆ ಬೆರಳಿನ ಜಿಡ್ಡು ಇದ್ದರೆ ನೀವು ಅಳೆಯುವುದು ಬೆರಳನ್ನು.

ಕನಿಷ್ಠ ಮೂರು ಮೇಲ್ಮೈ ಇಟ್ಟುಕೊಳ್ಳಿ: ಗಾಜಿನ ಸ್ಲೈಡ್, ಪ್ಯಾರಾಫಿನ್ ಮೇಣ ಹಚ್ಚಿದ ಸ್ಲೈಡ್, ಮತ್ತು ನಿಮಗೆ ನಿಜವಾಗಿ ಬೇಕಾದದ್ದು (ಎಲೆ, ಸ್ಟೀಲ್, ಪ್ಲಾಸ್ಟಿಕ್, ಏನಾದರೂ ಸರಿ).

ಮೇಣದ ಸ್ಲೈಡ್ ನಿಮ್ಮ ಅಳತೆಗೋಲು ಇದ್ದಂತೆ. ಬಣ್ಣ, ಸುಗಂಧ ಇಲ್ಲದ ಪ್ಯಾರಾಫಿನ್ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಸ್ಲೈಡ್ ಅದ್ದಿ, ನಿಧಾನವಾಗಿ ಮೇಲೆತ್ತಿ, ನೆಟ್ಟಗೆ ಹಿಡಿದು ಸೋರಲು ಬಿಡಿ. ದೀಪದ ಮೇಣದಬತ್ತಿಯಲ್ಲಿ ಸ್ಟಿಯರಿಕ್ ಆಮ್ಲ ಬೆರೆತಿರಬಹುದು, ಅದು ಬೇಡ. ಆರಿದ ಮೇಣದ ಮೇಲೆ ಶುದ್ಧ ನೀರಿನ ಹನಿ 105ರಿಂದ 110 ಡಿಗ್ರಿ ತೋರಬೇಕು. 90ರ ಹತ್ತಿರ ಬಂದರೆ ಮೇಣ ಕೊಳೆಯಾಗಿದೆ ಅಥವಾ ಕ್ಯಾಮೆರಾ ಸೊಟ್ಟಗಿದೆ. ಇದು ಸರಿಯಾಗುವವರೆಗೆ ಮುಂದೆ ಹೋಗಬೇಡಿ.

ಗಾಜನ್ನು ಪಾತ್ರೆ ಸೋಪಿನಿಂದ ತೊಳೆದು, ಧಾರಾಳ ನೀರಿನಲ್ಲಿ ಜಾಲಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ನಿಲ್ಲಿಸಿ ಒಣಗಿಸಿ. ಬಟ್ಟೆಯಲ್ಲಿ ಒರೆಸಬೇಡಿ. ಶುಚಿಯಾದ ಗಾಜಿನ ಮೇಲೆ ನೀರು ತಾನೇ ಹರಡಿಬಿಡುತ್ತದೆ. ಅದೇ ಗಾಜನ್ನು ಒಗ್ಗರಣೆ ಹಾಕುವ ಅಡುಗೆಮನೆಯಲ್ಲೋ ರಸ್ತೆ ಕಡೆಯ ಕಿಟಕಿಯ ಪಕ್ಕದಲ್ಲೋ ತೆರೆದಿಟ್ಟರೆ, ಗಾಳಿಯಲ್ಲಿನ ಎಣ್ಣೆ ಹೊಗೆ ಕೂತು ಮರುದಿನಕ್ಕೆ ಹನಿ ಎದ್ದು ನಿಲ್ಲುತ್ತದೆ. ತೊಳೆದ ಅರ್ಧ ಗಂಟೆಯೊಳಗೆ ಬಳಸಿ.

ಸ್ಟೀಲಿಗೆ ಅಂಟಿಸಿ ಬರುವ ಪ್ಲಾಸ್ಟಿಕ್ ಪೊರೆಯ ಗೋಂದು ಕಣ್ಣಿಗೆ ಕಾಣದೆ ಉಳಿದಿರುತ್ತದೆ, ಆಲ್ಕೊಹಾಲ್‌ನಿಂದ ಒರೆಸಿ. ಉಜ್ಜಿದ ಗೆರೆಗಳಿರುವ ಸ್ಟೀಲಿನಲ್ಲಿ ಹನಿ ಗೆರೆಗುಂಟ ಉದ್ದವಾಗುವುದರಿಂದ ಎರಡೂ ದಿಕ್ಕಿನಿಂದ ಫೋಟೊ ತೆಗೆಯಿರಿ. ಪ್ಲಾಸ್ಟಿಕ್ಕಿಗೆ ಥಿನ್ನರ್ ಮುಟ್ಟಿಸಬೇಡಿ. ನಲ್ಲಿ ರಿಪೇರಿಯ ಟೆಫ್ಲಾನ್ ಟೇಪನ್ನು ಟೆಫ್ಲಾನಿನ ಮಾದರಿ ಎಂದು ಬಳಸುವವರಿದ್ದಾರೆ. ಅದರ ನೂಲುನೂಲಾದ ಮೈಯಿಂದ ಕೋನ ಇರುವುದಕ್ಕಿಂತ ಹೆಚ್ಚು ತೋರುತ್ತದೆ, ನಯವಾದ ಹಾಳೆಯೇ ಬೇಕು.

ಎಲೆಯನ್ನು ಕಿತ್ತ ಕೂಡಲೇ ನರ ಇಲ್ಲದ ಕಡೆ ಸಣ್ಣ ಪಟ್ಟಿ ಕತ್ತರಿಸಿ, ಕೆಳಮೈಗೆ ಡಬಲ್ ಸೈಡ್ ಟೇಪ್ ಹಚ್ಚಿ ಸ್ಲೈಡಿಗೆ ಅಂಟಿಸಿ. ಮೇಲ್ಮೈ ಮುಟ್ಟಿದರೆ ಮೇಣದ ಪುಡಿ ಬೆರಳಿಗೆ ಬರುತ್ತದೆ. ಎಲೆಕೋಸಿನ ಹೊರ ಎಲೆಯನ್ನು ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ, ಬೂದಿ ಬಣ್ಣ ಹೋಗಿ ಹಸಿರು ಹೊಳೆಯುತ್ತದೆ, ಅಲ್ಲಿ ನೀರೂ ಬೇರೆ ಥರ ಕೂರುತ್ತದೆ.

ಹನಿ ಇಟ್ಟು ಫೋಟೊ ತೆಗೆಯುವುದು

5 ಮೈಕ್ರೋಲೀಟರ್ ಹನಿ ಸರಿಯಾದ ಗಾತ್ರ. ಇದಕ್ಕಿಂತ ದೊಡ್ಡದಾದರೆ ತನ್ನ ಭಾರಕ್ಕೇ ಚಪ್ಪಟೆಯಾಗಿ ಕೋನ ಸುಳ್ಳಾಗುತ್ತದೆ. ಮೈಕ್ರೊಪಿಪೆಟ್ ಇಲ್ಲದವರು 100 ಯೂನಿಟ್ಟಿನ ಇನ್ಸುಲಿನ್ ಸಿರಿಂಜ್ ಬಳಸಬಹುದು, ಅದರಲ್ಲಿ ಒಂದು ಯೂನಿಟ್ ಎಂದರೆ 10 ಮೈಕ್ರೋಲೀಟರ್. ಕೆಂಪು ಮುಚ್ಚಳದ 40 ಯೂನಿಟ್ಟಿನದರಲ್ಲಿ ಒಂದು ಯೂನಿಟ್ 25 ಮೈಕ್ರೋಲೀಟರ್. ಔಷಧಿ ಅಂಗಡಿಯಲ್ಲಿ ಎರಡೂ ಸಿಗುತ್ತವೆ, ನೋಡಿ ಕೊಳ್ಳಿ. ಸಿಲಿಕೋನ್ ಎಚ್ಚರಿಕೆ ಇದಕ್ಕೂ ಇದೆ. ಹನಿಯನ್ನು ಮೇಲಿನಿಂದ ಬೀಳಿಸಬೇಡಿ. ಸೂಜಿ ತುದಿಯಲ್ಲಿ ತೂಗಾಡಿಸಿ, ಮೆಲ್ಲಗೆ ತಗ್ಗಿಸಿ ಮುಟ್ಟಿಸಿ, ಸೂಜಿ ಎತ್ತಿ.

ಹನಿಯ ಹಿಂದೆ ಬಿಳಿ ಕಾಗದ, ಅದರ ಹಿಂದೆ ಎಲ್‌ಇಡಿ ದೀಪ. ಮೊಬೈಲ್ ಕ್ಯಾಮೆರಾ ಹನಿಯ ಮಟ್ಟದಲ್ಲೇ ಇರಬೇಕು, ಮೇಲಿನಿಂದ ಒಂದೆರಡು ಡಿಗ್ರಿ ಮಾತ್ರ ಕೆಳಮುಖ. ಆಗ ಗಾಜಿನಲ್ಲಿ ಹನಿಯ ಪ್ರತಿಬಿಂಬ ಕಾಣುತ್ತದೆ, ಹನಿ ಮತ್ತು ಪ್ರತಿಬಿಂಬ ಸೇರುವ ಗೆರೆಯೇ ತಳ. ಕ್ಲಿಪ್ಪಿನ ಮ್ಯಾಕ್ರೊ ಲೆನ್ಸ್ ಇದ್ದರೆ ಒಳ್ಳೆಯದು. ಫ್ಯಾನ್ ಆರಿಸಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆಯಲ್ಲಿ ಇಷ್ಟು ಚಿಕ್ಕ ಹನಿ ನೋಡನೋಡುತ್ತ ಆವಿಯಾಗುತ್ತದೆ, ಅಂಚು ಕದಲದೆ ಎತ್ತರ ಮಾತ್ರ ಇಳಿದು ಕೋನ ಕಡಿಮೆ ಆದಂತೆ ಕಾಣುತ್ತದೆ. ಅದನ್ನು ಸಪೋನಿನ್ನಿನ ಪ್ರತಾಪ ಎಂದುಕೊಳ್ಳಬೇಡಿ. ಪಕ್ಕದಲ್ಲೇ ಒದ್ದೆ ಹತ್ತಿ ಇಟ್ಟು, ನೀರಿನ ಹನಿಯನ್ನೂ ಅಷ್ಟೇ ಹೊತ್ತು ಗಮನಿಸಿ. ನೀರಿನಲ್ಲೂ ಇಳಿದಷ್ಟು ಆವಿಯ ಪಾಲು, ಮಿಕ್ಕದ್ದು ಸಪೋನಿನ್ನಿನದು.

5, 30, 60 ಸೆಕೆಂಡಿಗೆ ಒಂದೊಂದು ಫೋಟೊ. ಪ್ರತಿ ದ್ರಾವಣಕ್ಕೆ ಐದು ಹನಿ, ಪ್ರತಿ ಸಲ ಹೊಸ ಜಾಗ.

ಫೋಟೊದಲ್ಲಿ ತಳದ ಅಗಲ ಮತ್ತು ಎತ್ತರ ಅಳೆಯಿರಿ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎತ್ತರವನ್ನು ಎರಡರಿಂದ ಗುಣಿಸಿ ಅಗಲದಿಂದ ಭಾಗಿಸಿ, ಬಂದ ಅಂಕಿಯ ಟ್ಯಾನ್ ವಿಲೋಮ (ಕ್ಯಾಲ್ಕುಲೇಟರಿನ tan⁻¹) ತೆಗೆದು, ಅದನ್ನು ಇಮ್ಮಡಿ ಮಾಡಿದರೆ ಸಂಪರ್ಕ ಕೋನ. ಅಗಲ 2.3 ಮಿಮೀ, ಎತ್ತರ 1.5 ಮಿಮೀ ಇದ್ದರೆ 105 ಡಿಗ್ರಿ. ಅನುಪಾತವಷ್ಟೇ ಬೇಕಾದ್ದರಿಂದ ಮಿಲಿಮೀಟರೇ ಆಗಬೇಕಿಲ್ಲ, ಪಿಕ್ಸೆಲ್ ಆದರೂ ಆದೀತು. ಎಲ್ಲರೂ ಎಡವುವುದು ತಳದ ಗೆರೆ ಎಳೆಯುವಲ್ಲಿ. ಅದೇ ಹನಿಯ ಎತ್ತರವನ್ನು 1.4 ಎಂದು ಓದಿದರೆ ಕೋನ 101ಕ್ಕೆ ಇಳಿಯುತ್ತದೆ. ಐದು ಹನಿಗಳ ನಡುವೆ ಮೂರರಿಂದ ಐದು ಡಿಗ್ರಿ ವ್ಯತ್ಯಾಸ ಸಹಜ. ಹನಿಯ ಎಡ ಬಲಗಳಲ್ಲಿ ಹತ್ತು ಡಿಗ್ರಿ ವ್ಯತ್ಯಾಸವಿದ್ದರೆ ಸ್ಲೈಡ್ ವಾಲಿದೆ ಅಥವಾ ಕೊಳೆ ಇದೆ. ಕೋನ 20ಕ್ಕಿಂತ ಕಡಿಮೆಯಾದಾಗ ಈ ಲೆಕ್ಕ ಕೈಕೊಡುತ್ತದೆ, ಆಗ ಹನಿ ಎಷ್ಟು ಅಗಲ ಹರಡಿತು ಎಂದಷ್ಟೇ ಮೇಲಿನಿಂದ ಅಳೆಯಿರಿ.

ಅಂಕಿಗಳು ಏನು ಹೇಳುತ್ತವೆ

ಇಲ್ಲಿಂದ ಮುಂದೆ ನಿಜವಾದ ಸ್ವಾರಸ್ಯ. ಮೇಣದ ಮೇಲೆ ನೀರು 105 ಡಿಗ್ರಿ, ಎಳೆತ 72. ಅಂಟುವಾಳದ ದ್ರಾವಣ 77 ಡಿಗ್ರಿ, ಎಳೆತ 45 ಎಂದಿಟ್ಟುಕೊಳ್ಳಿ. ಅಂಟಿಕೊಳ್ಳುವ ಬಲದ ಲೆಕ್ಕ ಹೀಗೆ: ಕೋನದ ಕೊಸೈನ್‌ಗೆ ಒಂದು ಕೂಡಿಸಿ ಎಳೆತದಿಂದ ಗುಣಿಸುವುದು. ನೀರಿಗೆ ಸುಮಾರು 53, ದ್ರಾವಣಕ್ಕೆ ಸುಮಾರು 55. ಅಂದರೆ ಮೇಣಕ್ಕೆ ಅಂಟಿಕೊಳ್ಳುವುದರಲ್ಲಿ ಬಹುತೇಕ ಏನೂ ಬದಲಾಗಲಿಲ್ಲ! ಬದಲಾದದ್ದು ದ್ರವ ತನ್ನನ್ನು ತಾನು ಹಿಡಿದುಕೊಳ್ಳುವ ಬಲ. ಅದು ಎಳೆತದ ಎರಡರಷ್ಟು, 144ರಿಂದ 90ಕ್ಕೆ ಕುಸಿಯಿತು. ಹನಿ ಹರಡಿದ್ದು ಮೇಣದ ಮೇಲಿನ ಮೋಹದಿಂದಲ್ಲ, ತನ್ನ ಮೇಲಿನ ಹಿಡಿತ ಸಡಿಲವಾದದ್ದರಿಂದ.

ಇದರಿಂದ ಮೂರು ವಿಷಯ ಬಿಡಿಸಿಕೊಳ್ಳಬಹುದು. ಸಿಎಂಸಿ ದಾಟಿದ ಮೇಲೆ ಎಳೆತ ಇಳಿಯುವುದಿಲ್ಲವಾದ್ದರಿಂದ ಮೇಣ, ಪ್ಲಾಸ್ಟಿಕ್ಕಿನಂಥ ಮೇಲ್ಮೈಗಳಲ್ಲಿ ಕೋನವೂ ಅಲ್ಲಿಗೇ ನಿಲ್ಲುತ್ತದೆ. ಕಷಾಯ ಹತ್ತು ಪಟ್ಟು ಮಂದ ಮಾಡಿದರೂ ನೊರೆಯಷ್ಟೇ ಲಾಭ. ಎರಡನೆಯದು, ಅಂಟುವಾಳಕ್ಕೆ ಒಂದು ಮಿತಿ ಇದೆ. ಪಾಲಿಥೀನಿನ ಮೇಲೆ ಪೂರ್ತಿ ಹರಡಬೇಕಾದರೆ ದ್ರವದ ಎಳೆತ ಸುಮಾರು 31ಕ್ಕೆ ಇಳಿಯಬೇಕು, ಟೆಫ್ಲಾನಿಗೆ 18ಕ್ಕೆ. 40ರ ಆಚೆ ಇಳಿಯದ ಸಪೋನಿನ್ ಇವೆರಡರ ಮೇಲೂ ಪೂರ್ತಿ ಹರಡಲಾರದು. ನಾನ್‌ಸ್ಟಿಕ್ ತವೆಯ ಮೇಲೆ ಅಂಟುವಾಳದ ನೀರು ಹನಿಗಟ್ಟಿ ಕೂತರೆ ಕಷಾಯವನ್ನು ಬೈಯಬೇಕಾಗಿಲ್ಲ.

ಮೂರನೆಯದು ಗಾಜಿನ ಕಥೆ. ಶುಚಿ ಗಾಜಿನ ಮೇಲೆ ಬರೀ ನೀರೇ ಹರಡುತ್ತದೆ, ಸಪೋನಿನ್ ಅಲ್ಲಿ ಗಳಿಸಬೇಕಾದದ್ದು ಏನೂ ಇಲ್ಲ. ಕೆಲವೊಮ್ಮೆ ತೆಳು ದ್ರಾವಣದಲ್ಲಿ ಕೋನ ನೀರಿಗಿಂತ ಹೆಚ್ಚೇ ಬರುತ್ತದೆ. ಅಣುಗಳು ಸಕ್ಕರೆಯ ಭಾಗವನ್ನು ಗಾಜಿನ ಕಡೆಗೆ, ನೀರಿಗೊಗ್ಗದ ಭಾಗವನ್ನು ಹೊರಗೆ ಮಾಡಿ ಕೂತಾಗ ಗಾಜೇ ನೀರಿಗೆ ಒಗ್ಗದ ಮೈಯಾಗುತ್ತದೆ. ಹಾಗಾಗಿ "ಅಂಟುವಾಳ ಎಲ್ಲವನ್ನೂ ಒದ್ದೆ ಮಾಡುತ್ತದೆ" ಎಂಬ ಮಾತು ಸರಿಯಲ್ಲ. ಗಾಜಿನ ಮೇಲೆ ಪರೀಕ್ಷಿಸಿ ಎಲೆಯ ಬಗ್ಗೆ ಹೇಳುವುದು ಇನ್ನೂ ತಪ್ಪು.

ಒರಟು ಮೇಲ್ಮೈಗಳಲ್ಲಿ 90 ಡಿಗ್ರಿ ಒಂದು ಗಡಿ. 1936ರಲ್ಲಿ ವೆಂಜೆಲ್ ಎಂಬ ಸಂಶೋಧಕ ತೋರಿಸಿದಂತೆ, ಒರಟುತನ ಇದ್ದ ಸ್ವಭಾವವನ್ನೇ ಹಿಗ್ಗಿಸುತ್ತದೆ: ನಯವಾದ ಮೈಯಲ್ಲಿ ಕೋನ 90ಕ್ಕಿಂತ ಕಡಿಮೆಯಿದ್ದರೆ ಒರಟಾದಾಗ ಇನ್ನೂ ಕಡಿಮೆ, ಹೆಚ್ಚಿದ್ದರೆ ಇನ್ನೂ ಹೆಚ್ಚು. ಕೆಸುವಿನ ಎಲೆಯ ಸೂಕ್ಷ್ಮ ಉಬ್ಬುಗಳ ನಡುವೆ ಗಾಳಿ ಸಿಕ್ಕಿಕೊಂಡು ನೀರು ಮುತ್ತಾಗುತ್ತದೆ. ಆ ಉಬ್ಬುಗಳ ಮೇಣದ ಮೇಲೆ ನಿಮ್ಮ ದ್ರಾವಣದ ಕೋನ 90ರ ಕೆಳಗಿಳಿದರೆ ದ್ರವ ಉಬ್ಬುಗಳ ನಡುವೆ ಇಳಿದು ಗಾಳಿಯನ್ನು ತಳ್ಳಬಲ್ಲದು. ಮೇಣದ ಸ್ಲೈಡಿನಲ್ಲಿ 95 ತೋರಿದ ದ್ರಾವಣಕ್ಕೂ 85 ತೋರಿದ್ದಕ್ಕೂ ಕಾಗದದ ಮೇಲೆ ಹತ್ತೇ ಡಿಗ್ರಿ ಅಂತರ, ಎಲೆಯ ಮೇಲೆ ಹಗಲು ರಾತ್ರಿಯ ಅಂತರ.

ಬಟ್ಟೆಗೂ ಇದೇ ನ್ಯಾಯ. ಬಟ್ಟೆಯ ಮೇಲೆ ಕೋನ ಅಳೆಯಲು ಹೋಗಬೇಡಿ, ಹನಿ ಹೀರಿಕೊಳ್ಳುತ್ತದೆ. ಬದಲಿಗೆ ತೊಳೆಯದ ಕೋರಾ ಬಟ್ಟೆಯಿಂದ 25 ಮಿಮೀ ಅಗಲದ ಬಿಲ್ಲೆಗಳನ್ನು ಕತ್ತರಿಸಿ, ಒಂದನ್ನು ದ್ರಾವಣದ ಮೇಲೆ ಮೆಲ್ಲಗೆ ಬಿಟ್ಟು ಎಷ್ಟು ಸೆಕೆಂಡಿಗೆ ಮುಳುಗುತ್ತದೆ ನೋಡಿ. ಮೇಲಿನ ನೊರೆ ಮೊದಲು ತೆಗೆದಿರಬೇಕು. ನೊರೆಯ ಮೇಲೆ ಬಿಲ್ಲೆ ತೇಲಿಕೊಂಡೇ ಇರುತ್ತದೆ.

ಸೀಗೆಕಾಯಿ ಬೇರೆ ಜಾತಿ

ಇದೇ ಹೆಜ್ಜೆಗಳು ಸೀಗೆಕಾಯಿಗೂ ನಡೆಯುತ್ತವೆ, ಆದರೆ ತಾಳ್ಮೆ ಹೆಚ್ಚು ಬೇಕು. ನಾರು, ಕಂದು ಬಣ್ಣ, ಸಣ್ಣ ಕಣಗಳು ಹೆಚ್ಚು. ಬಟ್ಟೆಯ ಶೋಧನೆ ಸಾಲದು, ಫಿಲ್ಟರ್ ಪೇಪರಿನಲ್ಲಿ ಎರಡು ಸಲ ಇಳಿಸಿ. ಕಣ ಉಳಿದರೆ ಹನಿಯ ಅಂಚು ಕಣಕ್ಕೆ ಸಿಕ್ಕಿ ಮುಂದೆ ಹೋಗುವುದಿಲ್ಲ, ಕೋನ ಹೆಚ್ಚು ಕಾಣುತ್ತದೆ, ಒಣಗಿದಾಗ ಅಂಚಿನಲ್ಲಿ ಕಂದು ಉಂಗುರ ಉಳಿಯುತ್ತದೆ. ಹಾಗೆಯೇ ದಾಸವಾಳದ ಎಲೆಯ ಲೋಳೆಯನ್ನು ಸಪೋನಿನ್ ಎಂದು ಗೊಂದಲ ಮಾಡಿಕೊಳ್ಳಬೇಡಿ. ಲೋಳೆ ದ್ರವವನ್ನು ಮಂದ ಮಾಡುತ್ತದೆ, ಹನಿ ಹರಡುವುದು ನಿಧಾನವಾಗುತ್ತದೆ.

ಬಳಕೆಗೆ ಇಳಿಸುವಾಗ

ಸಿಎಂಸಿ 0.1 ಬಂತೆಂದು ಸಿಂಪಡಣೆಗೂ 0.1 ಸಾಕು ಎಂದುಕೊಂಡರೆ ಎಲೆಯ ಮೇಲೆ ನಿರಾಶೆ ಕಾದಿದೆ. ನಾಝಲ್‌ನಿಂದ ಎಲೆಗೆ ಹನಿ ತಲುಪುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅಷ್ಟರೊಳಗೆ ದಪ್ಪ ಅಣುಗಳು ಹೊಸ ಮೇಲ್ಮೈಗೆ ಬಂದು ಸೇರುವುದಿಲ್ಲ, ಹನಿ ಎಲೆಗೆ ಬಡಿಯುವಾಗ ಹೆಚ್ಚುಕಡಿಮೆ ನೀರಿನಂತೆಯೇ ಪುಟಿಯುತ್ತದೆ. ವೇಗವಾಗಿ ಹನಿ ಬೀಳಿಸಿ ಅಳೆದ ಅಂಕಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಯಾವ ಸಾಂದ್ರತೆಯಲ್ಲಿ ವೇಗದ ಅಳತೆಯೂ ನಿಧಾನದ ಅಳತೆಯೂ ಹತ್ತಿರ ಬರುತ್ತವೋ ಅದನ್ನೇ ಆರಿಸಿ. ಸಾಮಾನ್ಯವಾಗಿ 0.2ರಿಂದ ಶುರು ಮಾಡಬಹುದು. 5 ಪ್ರತಿಶತದ ಮೂಲ ಕಷಾಯವಾದರೆ ಲೀಟರಿಗೆ 40 ಮಿಲಿ. ನಾಝಲ್ ತಿರುಗಿಸಿ ಮಂಜಿನಂತೆ ಸಣ್ಣಗೆ ಮಾಡಿಕೊಳ್ಳಿ, ಸಣ್ಣ ಹನಿ ಪುಟಿಯುವುದು ಕಡಿಮೆ.

ಬೇವಿನೆಣ್ಣೆ ಸೇರಿಸುವುದಾದರೆ 5 ಮಿಲಿ ಎಣ್ಣೆಯನ್ನು ಮೊದಲು ಆ 40 ಮಿಲಿ ಕಷಾಯದೊಂದಿಗೆ ಹಾಲಿನಂತಾಗುವವರೆಗೆ ಕುಲುಕಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಒಂದು ಲೀಟರ್ ನೀರಿಗೆ ಏರಿಸಿ. ನೇರವಾಗಿ ಒಂದು ಲೀಟರಿಗೆ ಎಣ್ಣೆ ಸುರಿದರೆ ಅದು ಮೇಲೆ ತೇಲಿ ಕೊನೆಯ ಗಿಡಕ್ಕೆ ಬರೀ ಎಣ್ಣೆಯೇ ಹೋಗುತ್ತದೆ, ಎಲೆ ಸುಡುತ್ತದೆ. ಕಲಸಿದ್ದನ್ನು ಅಂದೇ ಮುಗಿಸಿ. ಮೊದಲು ಎರಡು ಮೂರು ಎಲೆಗೆ ಹೊಡೆದು ಒಂದು ದಿನ ಕಾದು ನೋಡಿ, ಆಮೇಲೆ ಸಂಜೆ ಹೊತ್ತಿನಲ್ಲಿ ಇಡೀ ಗಿಡಕ್ಕೆ. ಎಲೆಯ ತುದಿಯಿಂದ ತೊಟ್ಟಿಕ್ಕಲು ಶುರುವಾದರೆ ಕೈ ನಿಲ್ಲಿಸಿ. ಚೆನ್ನಾಗಿ ಹರಡುವ ದ್ರವ ಬೇಗ ಜಾರಿಯೂ ಹೋಗುತ್ತದೆ, ಅಷ್ಟೂ ಮಣ್ಣಿನ ಪಾಲು.

ರೇಷ್ಮೆಗೆ 0.1 ಸಾಕು, ಉಗುರುಬೆಚ್ಚಗಿನ ನೀರಿನಲ್ಲಿ. ಅಂಟುವಾಳದ ನೀರು ಸ್ವಲ್ಪ ಆಮ್ಲೀಯ, ಕ್ಷಾರ ಸೋಪಿನಿಂದ ಮಂಕಾಗುವ ರೇಷ್ಮೆಗೆ ಅದು ಹಿತ. ಬಿಳಿ, ಕೆನೆ ಬಣ್ಣದ ಸೀರೆಗೆ ಮಾತ್ರ ಸೆರಗಿನ ಒಳತುದಿಯಲ್ಲಿ ಮೊದಲು ನೋಡಿ, ಕಂದು ಛಾಯೆ ಹಿಡಿಯಬಹುದು. ಸ್ಟೀಲ್ ಪಾತ್ರೆಯನ್ನು ಕೊನೆಯಲ್ಲಿ ಶುದ್ಧ ನೀರಿನಲ್ಲಿ ಜಾಲಿಸದೆ ಬಿಟ್ಟರೆ ಕಷಾಯದ ಸಕ್ಕರೆ ಒಣಗಿ ಅಂಟಾಗಿ ಧೂಳು ಹಿಡಿಯುತ್ತದೆ.

ಸಿಪ್ಪೆ ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಸೀನು ನಿಲ್ಲುವುದಿಲ್ಲ. ಕಣ್ಣಿಗೆ ಬಿದ್ದರೆ ಜೋರಾಗಿ ಉರಿಯುತ್ತದೆ, ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಸಪೋನಿನ್ ಮೀನಿಗೆ ವಿಷ, ಹಳ್ಳಗಳಲ್ಲಿ ಮೀನು ಹಿಡಿಯಲು ಇಂಥ ಗಿಡಗಳನ್ನು ಜಜ್ಜಿ ಹಾಕುವ ರೂಢಿ ಹಲವೆಡೆ ಇದೆ. ಉಳಿದ ಮಂದ ಕಷಾಯವನ್ನು ಮೀನಿನ ತೊಟ್ಟಿ, ತಾವರೆ ಕೊಳ, ಕೆರೆಗೆ ಸೇರುವ ಮಳೆನೀರಿನ ಕಾಲುವೆ ಇವುಗಳ ಹತ್ತಿರ ಚೆಲ್ಲಬೇಡಿ. ಹಿಂಡಿದ ಸಿಪ್ಪೆ ಕಾಂಪೋಸ್ಟ್ ಗುಂಡಿಗೆ, ಕಷಾಯ ಬಚ್ಚಲಿಗೆ.